ಒಂದು ರಾತ್ರಿಗೆ ಎರಡು ಚುಕ್ಕಿ

ಮೈದಾ ಹಿಟ್ಟು ಕಲಸಿ ಕುದಿಸಿದ ಅಂಟು ಮೊದಲ ದಿನ ಗಂಜಿಯ ವಾಸನೆ ಹೊಡೆಯುತ್ತದೆ, ಎರಡನೇ ದಿನಕ್ಕೆ ಹುಳಿ ಹಿಡಿಯುತ್ತದೆ, ಮೂರನೇ ದಿನ ಅದರ ಹತ್ತಿರ ನಿಲ್ಲಲಾಗುವುದಿಲ್ಲ. ಹೋದ ವಾರ ಮಗರಪಟ್ಟಾದ ನಮ್ಮ ಗೇಟಿನ ಕೋಣೆಯಲ್ಲಿ, ಚಹಾ ಕಾಯಿಸುವ ಒಲೆಯ ಮೇಲೆ ನಾನೇ ಆ ಅಂಟು ಮಾಡಿದೆ. ಪೊಲೀಸ್ ನೌಕರಿಯಿಂದ ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಉಣ್ಣುವುದು ನನಗೆ ಒಗ್ಗಲಿಲ್ಲ. ಇಲ್ಲಿ ಒಂದು ಸೊಸೈಟಿಯ ವಾಚಮನ್‌ಗಳನ್ನು ನೋಡಿಕೊಳ್ಳುತ್ತೇನೆ. ಜನ ಕಡಿಮೆ ಬಿದ್ದಿದ್ದಾರೆ, ಎರಡೆರಡು ದಿನಕ್ಕೆ ಪಾಳಿ ಬದಲಿಸಿ ಎಂದು ಏಜೆನ್ಸಿಯವರು ಫೋನು ಮಾಡಿದ್ದರು. ಹಾಳೆಯ ಮೇಲೆ ಗೆರೆ ಎಳೆದು ಒಂಬತ್ತು ಜನರ ಹೆಸರು ಬರೆದೆ. ಗೋಂದಿನ ಬಾಟಲಿ ಒಣಗಿತ್ತು, ಅದಕ್ಕೇ ಮೈದಾ. ಬೋರ್ಡಿಗೆ ಬೆರಳಿನಿಂದ ಅಂಟು ಸವರಿದೆನೋ ಇಲ್ಲವೋ, ವಾಘಮಾರೆ ಮಾಸ್ತರರು ಬಂದು ಹಿಂದೆ ನಿಂತಂತಾಯಿತು. ತಿರುಗಿ ಕೂಡ ನೋಡಿದೆ. ಯಾರೂ ಇರಲಿಲ್ಲ.

ವಾಘಮಾರೆ ನಮ್ಮ ಠಾಣೆಯ ಹಜೇರಿ ಮಾಸ್ತರರು. ಹಜೇರಿ ಮಾಸ್ತರ ಅಂದರೆ ಶಾಲೆಯ ಮಾಸ್ತರನಲ್ಲ. ಯಾರಿಗೆ ಯಾವ ಡ್ಯೂಟಿ ಎಂದು ಬರೆಯುವ ಹಳೆಯ ಹವಾಲ್ದಾರ. ಸಿಪಾಯಿಯ ಊಟ, ನಿದ್ದೆ, ಹಬ್ಬ, ಹೆಂಡತಿಯ ಜೊತೆಗಿನ ಮಾತು, ಎಲ್ಲವೂ ಅವನ ಪೆನ್ಸಿಲಿನ ತುದಿಯಲ್ಲಿರುತ್ತವೆ. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡ ಈ ಮನುಷ್ಯ ಬೆಳಿಗ್ಗೆ ಸ್ಟೀಲಿನ ಲೋಟದಲ್ಲಿ ಮೈದಾ ಅಂಟು ಹಿಡಿದುಕೊಂಡು ಬಂದು, ಬೋರ್ಡಿಗೆ ಡ್ಯೂಟಿ ಹಾಳೆ ಅಂಟಿಸಿ, ಅಂಗೈಯಿಂದ ನಾಲ್ಕು ಮೂಲೆ ಒತ್ತಿ, ಯಾರ ಮುಖವನ್ನೂ ನೋಡದೆ ಒಳಗೆ ಹೋಗುತ್ತಿದ್ದರು. ಮುಖ ನೋಡದೆ ಹೋಗುವವನ ಮೇಲೆ ನನಗೆ ಮೊದಲಿನಿಂದಲೂ ಸಂಶಯ.

ನಾನು ಅಕ್ಕಲಕೋಟೆ ತಾಲೂಕಿನವನು. ಊರಲ್ಲಿ ಕನ್ನಡ ಶಾಲೆ, ಏಳನೇ ಇಯತ್ತೆಗೆ ಬಿಟ್ಟೆ. ನಾನು ಭರ್ತಿಯಾದ ಕಾಲಕ್ಕೆ ಅಷ್ಟು ಸಾಕಿತ್ತು. ಓದು ಕಡಿಮೆ ಇರಬಹುದು, ಆದರೆ ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ದಿನ ತಡವಾಗಿ ಹೋದವನಲ್ಲ, ಒಂದು ಮೆಮೊ ತಿಂದವನಲ್ಲ. ಇದನ್ನು ನಾನು ಆಗ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ. ಸ್ವಲ್ಪ ಹೆಚ್ಚೇ ಹೇಳಿಕೊಳ್ಳುತ್ತಿದ್ದೆ ಎಂದು ಈಗ ಅನಿಸುತ್ತದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು. ಈಗ ನಾನು ನಿಂತಿರುವ ಈ ಜಾಗದಲ್ಲಿ ಆಗ ಅರ್ಧ ಕಬ್ಬು, ಅರ್ಧ ಕ್ರೇನು. ಹೊಲದ ಬದುವಿನ ಮೇಲೆ ಸಿಮೆಂಟಿನ ಲಾರಿ ನಿಂತಿರುತ್ತಿದ್ದವು. ನಮ್ಮ ಠಾಣೆ ಇಲ್ಲಿಂದ ದೂರವೇನೂ ಇರಲಿಲ್ಲ. ಅಲ್ಲಿ ಕನ್ನಡ ಬಲ್ಲವರು ಇಬ್ಬರೇ: ನಾನು ಮತ್ತು ಸಿದ್ಧರಾಮ. ಅವನೂ ನಮ್ಮ ತಾಲೂಕಿನವನೇ, ನನಗಿಂತ ಆರು ವರ್ಷ ಚಿಕ್ಕವನು, ನನ್ನನ್ನು ಕಲ್ಲಣ್ಣ ಎನ್ನುತ್ತಿದ್ದ. ಠಾಣೆಯಲ್ಲಿ ಎಲ್ಲರ ಜೊತೆ ಮರಾಠಿ, ನಮ್ಮಿಬ್ಬರ ನಡುವೆ ಕನ್ನಡ. ಬೇರೆಯವರಿಗೆ ತಿಳಿಯಬಾರದ ಮಾತೆಲ್ಲ ನಾವು ನಡು ಹಾಲಿನಲ್ಲಿ ನಿಂತೇ ಆಡಿಕೊಳ್ಳುತ್ತಿದ್ದೆವು. ಮಿಕ್ಕವರು "ಸುರು ಝಾಲಾ ಕಾನಡಿ ರೇಡಿಓ", ಶುರುವಾಯಿತು ಕನ್ನಡ ರೇಡಿಯೋ, ಎಂದು ನಗುತ್ತಿದ್ದರು.

ಅಲ್ಲಿಯವರೆಗೆ ನಮ್ಮದು ಹನ್ನೆರಡು ತಾಸಿನ ಡ್ಯೂಟಿ. ಕಾಲು ಬಾತುಕೊಳ್ಳುತ್ತಿದ್ದವು, ಬೈದುಕೊಳ್ಳುತ್ತಿದ್ದೆವು, ಆದರೆ ಯಾವಾಗಲೂ ಅದೇ ನಾಲ್ಕು ಜನರ ಜೊತೆ. ಮಧ್ಯಾಹ್ನ ನಾಲ್ಕು ಡಬ್ಬಿ ಒಟ್ಟಿಗೆ ತೆರೆಯುತ್ತಿದ್ದವು. ಯಾರ ಮನೆಯ ಪಲ್ಯಕ್ಕೆ ಉಪ್ಪು ಹೆಚ್ಚು, ಯಾರ ಹೆಂಡತಿ ತವರಿಗೆ ಹೋಗಿದ್ದಾಳೆ, ಡಬ್ಬಿ ತೆರೆದರೆ ತಿಳಿಯುತ್ತಿತ್ತು. ಆ ಜೂನಿನಲ್ಲಿ ಹೊಸ ಸಾಹೇಬರು ಬಂದರು. ಮಿತಭಾಷಿ, ಬೂಟು ಕನ್ನಡಿಯಂತೆ. ಬಂದ ವಾರವೇ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಇನ್ನು ಮುಂದೆ ಎಂಟೆಂಟು ತಾಸಿನ ಮೂರು ಪಾಳಿ ಎಂದರು. ಬೆಳಿಗ್ಗೆ ಎಂಟರಿಂದ ನಾಲ್ಕು, ನಾಲ್ಕರಿಂದ ಹನ್ನೆರಡು, ಹನ್ನೆರಡರಿಂದ ಎಂಟು. ವಾರಕ್ಕೊಮ್ಮೆ ಬದಲಿ.

ಯಾರೋ ಪೇಢೆ ಹಂಚಿದರು. ಸಿದ್ಧರಾಮ ನನ್ನ ಬಾಯಿಗೇ ತುರುಕಿದ.

"ತಗೋ ಕಲ್ಲಣ್ಣಾ. ಇನ್ನ ಮ್ಯಾಲ ಮನುಷ್ಯಾರಂಗ ಬದುಕೂಣು."

"ಸರಕಾರ ಪುಕ್ಕಟೆ ಏನ್ ಕೊಡತದೋ ಸಿದ್ದ್ಯಾ? ನಾಲ್ಕ ತಾಸ ಬಿಟ್ಟಾರಂದ್ರ ಎಲ್ಲೋ ಎಂಟ ತಾಸ ಎಳೀತಾರ."

"ಬಾಯಾಗಿನ ಪೇಢಾನರೆ ನುಂಗು ಮಾರಾಯಾ, ಆಮ್ಯಾಲ ಅನುಮಾನ ಪಡು."

ಎರಡು ವಾರ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಆಷಾಢದ ಯಾತ್ರೆಯ ಪಾಲಖಿ ಬಂತು. ಸೊಲ್ಲಾಪುರ ರಸ್ತೆಯ ತುಂಬ ನಡೆದು ಹೋಗುವ ಭಕ್ತರು, ವಾರಕರಿಗಳು, ತಾಳ, ಕೆಸರು. ಆ ದಿನಗಳಲ್ಲಿ ಪಾಳಿಯೂ ಇಲ್ಲ, ತಾಸೂ ಇಲ್ಲ. ನಿಂತವನು ನಿಂತೇ ಇರಬೇಕು. ಅದರ ಬಗ್ಗೆ ಯಾರಿಗೂ ದೂರಿರಲಿಲ್ಲ. ಪಾಲಖಿ ಘಾಟು ಹತ್ತಿದ ಮೇಲೆ ಹಳೆಯ ಪಾಳಿ ಮರಳಿ ಬರಲಿಲ್ಲ. ನಾಲ್ವರನ್ನು ಬೇರೆ ಠಾಣೆಗೆ ಕಳಿಸಿದ್ದರು, ಇಬ್ಬರು ಜ್ವರದಲ್ಲಿ ಮಲಗಿದ್ದರು. ಜನ ಸಾಲದೆ ಪಾಳಿ ಎರಡು ದಿನಕ್ಕೊಮ್ಮೆ ತಿರುಗತೊಡಗಿತು, ಅದೂ ಹಿಂದುಮುಂದಾಗಿ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಬಿಟ್ಟವನು ಅದೇ ದಿನ ಸಂಜೆ ನಾಲ್ಕಕ್ಕೆ ಮತ್ತೆ ಹಾಜರು. ತಾಸಿನ ಲೆಕ್ಕದಲ್ಲಿ ಎಲ್ಲ ಎಂಟೇ. ಸಾಹೇಬರು ಮೇಲಿನವರಿಗೆ ತೋರಿಸುವ ಕಾಗದದಲ್ಲಿ ಎಂಟು, ಎಂಟು, ಎಂಟು.

ನಾವಿದ್ದದ್ದು ಪೊಲೀಸ್ ಲೈನಿನ ಒಂದು ಖೋಲಿ, ಒಂದು ಅಡಿಗೆಮನೆಯಲ್ಲಿ. ಹಗಲು ಮಲಗುವುದೆಂದರೆ ಸಂತೆಯಲ್ಲಿ ಮಲಗಿದಂತೆ. ಪಕ್ಕದ ಮನೆಯ ಕುಕ್ಕರು, ನಳದ ಹತ್ತಿರ ಕೊಡದ ಜಗಳ, ತಗಡಿನ ಮೇಲೆ ಮಳೆ. ನನ್ನ ಹೆಂಡತಿ ನೀಲವ್ವ ಕಿಟಕಿಗೆ ಕರಿ ಕಂಬಳಿ ಕಟ್ಟಿದಳು. ಕತ್ತಲೇನೋ ಆಯಿತು, ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಹೊಟ್ಟೆ ಉರಿಯುತ್ತಿತ್ತು, ಉಣ್ಣಲು ಕೂತರೆ ಕಣ್ಣು ಎಳೆಯುತ್ತಿತ್ತು.

ಒಂದು ದಿನ ತಾಟಿನಲ್ಲಿ ಚಪಾತಿ. ಮರುದಿನವೂ ಚಪಾತಿ. ಮೂರನೇ ದಿನ ಕೇಳಿದೆ.

"ರೊಟ್ಟಿ ಯಾಕ ಬಿಟ್ಟಿ?"

"ಜ್ವಾಳಾ ಚಲೋ ಬರವಲ್ದು."

ನಾನು ಎದ್ದು ಡಬ್ಬ ತೆರೆದು ನೋಡಿದೆ. ಜೋಳದ ಹಿಟ್ಟು ತುಂಬ ಇತ್ತು, ಚೆನ್ನಾಗಿಯೇ ಇತ್ತು. ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ಇವಳೂ ಸುಳ್ಳು ಹೇಳುತ್ತಾಳೆ. ಏಕೆ? ಯಾರಿಗಾಗಿ ಹಿಟ್ಟು ಉಳಿಸುತ್ತಿದ್ದಾಳೆ? ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸಿನ ಮೇಲೆ ಒಂದು ರೊಟ್ಟಿಯ ಸಲುವಾಗಿ ಸಂಶಯ ಪಟ್ಟವನು ನಾನು. ನಿದ್ದೆಗೆಟ್ಟ ತಲೆ ಹಾಗೆಯೇ ಇರುತ್ತದೆ, ಎಲ್ಲದರ ಹಿಂದೆ ಏನೋ ಕಾಣುತ್ತದೆ.

ಠಾಣೆಯಲ್ಲಿ ನಾನೊಬ್ಬನೇ ಹಾಗಿದ್ದೆನೆಂದಲ್ಲ. ಯಾರ ಜೊತೆ ಯಾರ ಪಾಳಿ ಬೀಳುತ್ತದೆ ತಿಳಿಯದೆ ಡಬ್ಬಿಗಳು ಬೇರೆಬೇರೆ ಮೂಲೆಗೆ ಹೋದವು. ಹಸಿ ರೇನ್‌ಕೋಟು ಯಾರು ಕುರ್ಚಿಯ ಮೇಲೆ ಎಸೆದರು ಎಂದು ಇಬ್ಬರು ಕೊರಳಪಟ್ಟಿ ಹಿಡಿದುಕೊಂಡರು. ಶಾಂತ ಸ್ವಭಾವದ ಒಬ್ಬ ಸಿಪಾಯಿ ಕೊತ್ತಂಬರಿ ಮಾರುವವಳ ಬುಟ್ಟಿಯನ್ನು ಒದ್ದು, ಆಮೇಲೆ ತಾನೇ ಕೂತು ಕಟ್ಟು ಆರಿಸಿಕೊಟ್ಟ. ಬೋರ್ಡಿನ ಮುಂದೆ ನಿಂತು ಎಲ್ಲರೂ ಮೊದಲು ಓದುವುದು ತಮ್ಮ ಹೆಸರನ್ನಲ್ಲ, ಪಕ್ಕದವನದು. ಅವನಿಗೆ ಹಗಲು ಏಕೆ ಬಂತು? ನನಗೇಕೆ ಇಲ್ಲ?

ಆದರೂ ನಾನು ಬಾಯಿ ಬಿಟ್ಟು ದೂರಲಿಲ್ಲ. ಸಾಹೇಬರು ಒಮ್ಮೆ ವರಾಂಡದಲ್ಲಿ ಹೋಗುತ್ತ "ಹೊಸ ಪಾಳಿ ಹೇಗಿದೆ, ಹವಾಲ್ದಾರ?" ಎಂದಾಗ ಎದೆ ಮುಂದೆ ಮಾಡಿ, "ನನಗೆ ಯಾವ ಪಾಳಿಯಾದರೂ ಒಂದೇ ಸಾಹೇಬ, ಕೆಲಸಕ್ಕೆ ಹೆದರುವವನಲ್ಲ" ಎಂದೆ. ಹಿಂದೆ ನಿಂತಿದ್ದ ಏಳೆಂಟು ಜನ ಕೇಳಿಸಿಕೊಂಡರು. ಅವರ ಮುಖ ನಾನು ನೋಡಲಿಲ್ಲ.

ಆ ದಿನಗಳಲ್ಲೇ ಒಂದು ವಿಷಯ ಗಮನಿಸಿದೆ. ಸಿದ್ಧರಾಮ ಹಜೇರಿ ಮಾಸ್ತರರ ಮೇಜಿನ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತಿದ್ದ. ನಾನು ಒಳಗೆ ಹೋದರೆ ಮಾಸ್ತರರ ಕೈಯಲ್ಲಿದ್ದ ಕಾಗದ ರಜಿಸ್ಟರಿನ ಕೆಳಗೆ ಹೋಗುತ್ತಿತ್ತು. ಸಿದ್ಧರಾಮ ನನ್ನನ್ನು ನೋಡಿ ಮರಾಠಿಯಲ್ಲಿ ಮಾತಾಡಿಸಿದ.

"ಕಾಯ್ ಅಣ್ಣಾ, ಝೋಪ್ ಝಾಲೀ ಕಾ?"

ನಿದ್ದೆಯಾಯಿತೇ ಎಂದು ಕೇಳಿದ್ದು, ಅಷ್ಟೇ. ಆದರೆ ಹದಿನಾಲ್ಕು ವರ್ಷ ನನ್ನ ಜೊತೆ ಕನ್ನಡ ಆಡಿದವನು ಮೂರನೆಯವನ ಮುಂದೆ ನನ್ನನ್ನು ಮರಾಠಿಯಲ್ಲಿ ಮಾತಾಡಿಸಿದರೆ ಏನರ್ಥ? ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಅಷ್ಟರಲ್ಲಿ ಜೇಜುರಿಯ ವಿಷಯ ಬಂತು. ಅಲ್ಲಿಯ ಖಂಡೋಬ ದೇವರಿಗೆ ನೀಲವ್ವನ ಹರಕೆಯೊಂದಿತ್ತು. ಭಾನುವಾರ ನನಗೆ ಸುಟ್ಟಿ, ಅಂದರೆ ರಜೆ, ಎಂದು ಹಾಳೆಯಲ್ಲಿ ಬರೆದಿತ್ತು. ಶನಿವಾರ ಸಂಜೆ ನೋಡಿದರೆ ನನ್ನ ಹೆಸರಿನ ಮೇಲೆ ಹೊಸ ಚೀಟಿ ಅಂಟಿಸಿದ್ದರು, ಅಂಟು ಇನ್ನೂ ಹಸಿ. ನನ್ನ ಸುಟ್ಟಿ ಸಿದ್ಧರಾಮನಿಗೆ ಹೋಗಿತ್ತು. ಸೋಮವಾರ ಅವನು ಬಂದಾಗ ಕೇಳಿದೆ.

"ಎಲ್ಲಿಗೆ ಹೋಗಿದ್ದೆಪಾ ನಿನ್ನೆ?"

"ಜೇಜುರಿಗೆ ಹೋಗಿದ್ದೆ ಕಲ್ಲಣ್ಣಾ. ಭಾಳ ಗದ್ದಲಿತ್ತು."

ನಾನು ಅವನನ್ನು ಮೇಲಿಂದ ಕೆಳಗೆ ನೋಡಿದೆ. ಜೇಜುರಿಗೆ ಹೋಗಿ ಬಂದವನನ್ನು ಪತ್ತೆ ಹಚ್ಚಲು ಪೊಲೀಸನೇ ಬೇಕಿಲ್ಲ. ಅಲ್ಲಿ ಗಾಳಿಯೇ ಹಳದಿ. ಭಂಡಾರ ಎರಚುವ ಮೆಟ್ಟಿಲ ಮೇಲೆ ಒಮ್ಮೆ ಹತ್ತಿ ಇಳಿದರೆ ಎರಡು ದಿನ ತಲೆ ತೊಳೆದರೂ ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ, ಚಪ್ಪಲಿಯ ಹೊಲಿಗೆಯಲ್ಲಿ ಅರಿಸಿನ ಉಳಿಯುತ್ತದೆ. ಸಿದ್ಧರಾಮನ ಕಿವಿಯ ಹಿಂದೆ ಏನೂ ಇರಲಿಲ್ಲ. ಉಗುರು ಬೆಳ್ಳಗೆ. ಚಪ್ಪಲಿಗೆ ಮಾತ್ರ ಕೆಸರು, ನಮ್ಮ ಪೊಲೀಸ್ ಲೈನಿನ ಹಿಂದಿನ ಕಪ್ಪು ಕೆಸರು.

"ಪ್ರಸಾದ?"

"ಖರ್ಚಾತು" ಎಂದ, ಕಣ್ಣು ಬೇರೆ ಕಡೆ ಮಾಡಿ.

ಅಲ್ಲಿಗೆ ನನ್ನ ತಲೆಯಲ್ಲಿ ಕೇಸು ನಿಂತುಬಿಟ್ಟಿತು. ಇವನೂ ಮಾಸ್ತರನೂ ಕೂಡಿ ಪಾಳಿ ಬರೆಯುತ್ತಾರೆ, ರಾತ್ರಿಯೆಲ್ಲ ನನ್ನ ಹೆಸರಿಗೆ, ಹಗಲೆಲ್ಲ ತಮ್ಮವರ ಹೆಸರಿಗೆ. ಸಾಕ್ಷಿ ಬೇಕಿತ್ತು. ಸಾಕ್ಷಿ ಮನೆಯ ಗೋಡೆಯ ಮೇಲೆಯೇ ತಯಾರಾಗುತ್ತಿತ್ತು. ಪಾಳಿ ಎರಡು ದಿನಕ್ಕೊಮ್ಮೆ ತಿರುಗತೊಡಗಿದ ದಿನದಿಂದ ನಾನು ಕ್ಯಾಲೆಂಡರಿನ ಚೌಕಗಳಲ್ಲಿ ಗುರುತು ಹಾಕುತ್ತಿದ್ದೆ. ಬೆಳಗಿನ ಪಾಳಿಗೆ ಪೂರ್ತಿ ಸೂರ್ಯ, ಎರಡನೇ ಪಾಳಿಗೆ ಅರ್ಧ ಸೂರ್ಯ, ರಾತ್ರಿಗೆ ಒಂದು ಚುಕ್ಕಿ. ತಿಂಗಳು ತುಂಬಿದ ಮೇಲೆ ಎಣಿಸಿದೆ. ಹದಿನಾರು ಚುಕ್ಕಿ. ಹದಿನಾರು ರಾತ್ರಿ! ನೀಲವ್ವನನ್ನು ಕರೆದು ತೋರಿಸಿದೆ.

"ನೋಡಿಲ್ಲೆ. ಅರ್ಧ ತಿಂಗಳಿಗಿಂತ ಜಾಸ್ತಿ ರಾತ್ರಿ ಕಡದಾರ ನನಗ."

ಅವಳು ಹಾಳೆಯ ಮೇಲೆ ಬೆರಳಿಟ್ಟು ನೋಡಿದಳು. "ಅಷ್ಟ್ ರಾತ್ರಿ ನೀವು ಮನ್ಯಾಗ ಇರಲಿಲ್ಲೇನ್ರಿ? ನಂಗ ಹಂಗ ಅನಸವಲ್ದು."

"ನೀ ಅವ್ರ ಕಡೀನೇ ಮಾತಾಡು" ಎಂದು ಹಾಳೆ ಕಿತ್ತು ಮಡಚಿ ಕಿಸೆಗೆ ಹಾಕಿಕೊಂಡೆ.

ನಮ್ಮಲ್ಲಿ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಓಆರ್. ಸಿಪಾಯಿಗಳು ಒಬ್ಬೊಬ್ಬರಾಗಿ ಸಾಹೇಬರ ಮುಂದೆ ನಿಂತು ತಮ್ಮ ಅಹವಾಲು ಹೇಳಿಕೊಳ್ಳುವ ಹೊತ್ತು ಅದು. ಪೊಲೀಸರಿಗೆ ಸಂಘವಿಲ್ಲ, ಹತ್ತು ಜನ ಕೂಡಿ ಒಂದು ಅರ್ಜಿಗೆ ಸಹಿ ಹಾಕಿದರೆ ಶಿಸ್ತುಭಂಗ. ಹೇಳುವುದಿದ್ದರೆ ಒಬ್ಬೊಬ್ಬನೇ ಹೇಳಬೇಕು, ಸೇವೆಯಲ್ಲಿ ಹಿರಿಯನಾದವನು ಮೊದಲು. ಆ ಶುಕ್ರವಾರ ನಾನು ರಾತ್ರಿ ಪಾಳಿ ಇಳಿದು, ಮನೆಗೆ ಹೋಗದೆ, ಠಾಣೆಯ ನಳದಲ್ಲಿ ಮುಖ ತೊಳೆದು ಸಾಲಿನಲ್ಲಿ ನಿಂತೆ. ನೋಡಿದರೆ ನನ್ನ ಹಿಂದೆ ಹನ್ನೊಂದು ಜನ. ಯಾವ ಶುಕ್ರವಾರವೂ ಮೂರಕ್ಕಿಂತ ಹೆಚ್ಚು ಇರುತ್ತಿರಲಿಲ್ಲ. ಎಲ್ಲರ ಡ್ರೆಸ್ಸಿಗೂ ಇಸ್ತ್ರಿ. ಅವರ ನಡುವೆ ಸಿದ್ಧರಾಮ. ನನ್ನನ್ನು ಕಂಡು ಅವನ ಮುಖದ ಬಣ್ಣ ಇಳಿಯಿತು.

"ಕಲ್ಲಣ್ಣಾ, ನೀ ಯಾಕ ನಿಂತಿ?" ಎಂದ, ಕನ್ನಡದಲ್ಲೇ.

"ಯಾಕ, ನಿಂದರಬಾರದೇನು?"

"ಇವತ್ತ ಒಂದಿನ ಬಿಡು. ಮುಂದಿನ ವಾರ ಹೇಳಕೋ. ನನ್ನ ಮಾತ ಕೇಳು."

ಹೀಗೆ ಹೇಳಿದ ಮೇಲೆ ನಾನು ಬಿಡುತ್ತೇನೆಯೇ? ಹೆಸರು ಕರೆದರು, ಒಳಗೆ ಹೋಗಿ ಸಲ್ಯೂಟ್ ಹೊಡೆದೆ. ಬಾಗಿಲು ತೆರೆದೇ ಇತ್ತು. ಹಾಳೆಯನ್ನು ಮೇಜಿನ ಮೇಲೆ ಹರಡಿ, ಪಾಳಿ ಬರೆಯುವಲ್ಲಿ ಭೇದಭಾವ ನಡೆದಿದೆ ಎಂದೆ.

"ಯಾರಿಗೆ ಲಾಭ ಮಾಡಿದ್ದಾರೆ?" ಸಾಹೇಬರು ಕೇಳಿದರು.

ತೆರೆದ ಬಾಗಿಲ ಕಡೆ ಒಮ್ಮೆ ನೋಡಿದೆ. ಆಮೇಲೆ ಹೆಸರು ಹೇಳಿದೆ. ಸಿದ್ಧರಾಮ.

ಸಾಹೇಬರು ವಾಘಮಾರೆ ಮಾಸ್ತರರಿಂದ ರಜಿಸ್ಟರು ತರಿಸಿದರು. ಒಂದು ಕೈ ರಜಿಸ್ಟರಿನ ಮೇಲೆ, ಒಂದು ಕೈ ನನ್ನ ಕ್ಯಾಲೆಂಡರಿನ ಮೇಲೆ.

"ಈ ಮಂಗಳವಾರದ ಚೌಕದಲ್ಲಿ ಎರಡು ಚುಕ್ಕಿ ಇವೆ. ಒಂದು ದಿನದಲ್ಲಿ ನೀನು ಎರಡು ರಾತ್ರಿ ಕೆಲಸ ಮಾಡಿದೆಯಾ?"

ನಾನು ಬಗ್ಗಿ ನೋಡಿದೆ. ಎರಡು ಚುಕ್ಕಿ ಇದ್ದವು. ಬುಧವಾರದಲ್ಲಿ ಒಂದು ಚುಕ್ಕಿ, ಅದರ ಪಕ್ಕದಲ್ಲೇ ಅರ್ಧ ಸೂರ್ಯ. ಆಗ ತಿಳಿಯಿತು. ಹನ್ನೆರಡರ ಪಾಳಿಗೆ ಹನ್ನೊಂದು ಮುಕ್ಕಾಲಕ್ಕೆ ಹಾಜರಾಗಬೇಕು. ಸೋಮವಾರ ಮನೆ ಬಿಡುವಾಗ ಸೋಮವಾರದ ಚೌಕದಲ್ಲಿ ಚುಕ್ಕಿ ಇಟ್ಟಿದ್ದೆ. ಮಂಗಳವಾರ ಬೆಳಿಗ್ಗೆ ತಿರುಗಿ ಬಂದು, ಬೂಟು ಬಿಚ್ಚುವ ಮೊದಲು, ಅಯ್ಯೋ ಹಿಂದಿನ ರಾತ್ರಿ ಬರೆದಿಲ್ಲ ಎಂದುಕೊಂಡು ಮಂಗಳವಾರದಲ್ಲಿ ಇನ್ನೊಂದು ಇಟ್ಟಿದ್ದೆ. ಅದೇ ರಾತ್ರಿ ಮತ್ತೆ ಹೊರಡುವಾಗ ಅದೇ ಚೌಕದಲ್ಲಿ ಮತ್ತೊಂದು. ಇಡೀ ತಿಂಗಳು ಹೀಗೆಯೇ, ಹೋಗುವಾಗೊಂದು, ಬರುವಾಗೊಂದು.

"ನಿನ್ನ ರಾತ್ರಿಗಳು ಎಂಟು. ಸಿದ್ಧರಾಮನವು ಒಂಬತ್ತು." ರಜಿಸ್ಟರು ಮುಚ್ಚಿದರು. "ಇವತ್ತು ಯಾವ ವಾರ, ಹವಾಲ್ದಾರ?"

"ಗುರುವಾರ, ಸಾಹೇಬ."

ಬಾಗಿಲ ಹೊರಗೆ ಯಾರೋ ನಕ್ಕರು. ಗುರುವಾರ ಓಆರ್ ಇರುವುದೇ ಇಲ್ಲ. ಸಾಹೇಬರು ನಗಲಿಲ್ಲ, ನನ್ನ ಹಾಳೆ ನನಗೇ ಮಡಚಿ ಕೊಟ್ಟು, "ತನಗೆ ಯಾವ ದಿನವೆಂದು ತಿಳಿಯದವನು ಬೇರೆಯವರ ಮೇಲೆ ದೂರು ತರುತ್ತಾನೆ. ಪಾಳಿಯ ಬಗ್ಗೆ ಇಂಥ ಮಾತು ನನಗೆ ಇನ್ನು ಬೇಡ. ಮುಂದಿನವನು?" ಎಂದರು.

ಮುಂದಿನವನು ಬಂದ, ಸಲ್ಯೂಟ್ ಹೊಡೆದ. "ಕಾಹೀ ನಾಹೀ, ಸಾಹೇಬ." ಏನೂ ಇಲ್ಲ. ಅವನ ಹಿಂದಿನವನೂ ಕಾಹೀ ನಾಹೀ. ಹನ್ನೊಂದು ಜನವೂ ಒಬ್ಬರ ಹಿಂದೆ ಒಬ್ಬರು ಬಂದು ಏನೂ ಇಲ್ಲ ಎಂದು ಹೋದರು. ನಾನು ವರಾಂಡದ ಕಂಬಕ್ಕೆ ಆತುಕೊಂಡು ನೋಡಿದೆ. ಪ್ರತಿಯೊಬ್ಬನ ಕಿಸೆಯಲ್ಲೂ ನಾಲ್ಕು ಮಡಿಕೆಯ ಬಿಳಿ ಕಾಗದ.

ಸಿದ್ಧರಾಮ ಸೈಕಲ್ ಸ್ಟ್ಯಾಂಡಿನ ಹತ್ತಿರ ನನ್ನನ್ನು ಹಿಡಿದ. ಮಳೆ ಹನಿಯುತ್ತಿತ್ತು. ತನ್ನ ಕಿಸೆಯ ಕಾಗದ ತೆಗೆದು ನನ್ನ ಕೈಯಲ್ಲಿಟ್ಟ. ಮರಾಠಿಯಲ್ಲಿ ಬರೆದ ಅರ್ಜಿ. ಪಾಳಿ ವಾರಕ್ಕೊಮ್ಮೆ ಮಾತ್ರ ಬದಲಾಗಲಿ, ರಾತ್ರಿಯ ನಂತರ ಒಂದು ಪೂರ್ತಿ ದಿನ ಬಿಡುವು ಸಿಗಲಿ, ಇಷ್ಟೇ ಇತ್ತು.

"ಹನ್ನೊಂದ ಮಂದಿ, ಹನ್ನೊಂದ ಕಾಗದ. ಕೂಡಿ ಕೊಟ್ರ ಗುನ್ಹೆ ಆಗತದ ಅಂತ ಒಬ್ಬೊಬ್ರು ಬ್ಯಾರೆಬ್ಯಾರೆ ಕೊಡೂಣು ಅಂದಿದ್ವಿ. ಕಾಗದದಾಗಿನ ಮಜಕೂರ ಮಾಸ್ತರ ಬರಕೊಟ್ರು. ಐತವಾರ ನಾ ಜೇಜುರಿಗೆ ಹೋಗಿರ್ಲಿಲ್ಲ. ಲೈನಿನ್ಯಾಗ ಮನಿಮನಿ ತಿರಗಿ ಎಲ್ಲಾರ್ನೂ ಒಪ್ಪಿಸಿದೆ. ಅದಕ್ಕ ಮಾಸ್ತರ ನಿನ್ನ ಸುಟ್ಟಿ ನಂಗ ಕೊಟ್ರು."

"ನಂಗ ಯಾಕ ಹೇಳಲಿಲ್ಲೋ?"

"ನೀ ಸಾಹೇಬ್ರ ಮುಂದ ಎದಿ ತಟ್ಟಿಕೊಂಡಿದ್ದಿಲ್ಲಾ, ಯಾವ ಪಾಳಿ ಆದ್ರೂ ಒಂದೇ ಅಂತ? ಮಂದಿ ಎಲ್ಲಾ ನಿನ್ನ ಸಾಹೇಬ್ರ ಕಿವಿ ಅಂತ ತಿಳಕೊಂಡ್ರು." ಅವನು ಮುಖ ಒರೆಸಿಕೊಂಡ. "ನಾನೂ ಹಂಗs ತಿಳಕೊಂಡೆ, ಕಲ್ಲಣ್ಣಾ."

ನಾನು ಅವನ ಮೇಲೆ ಸಂಶಯ ಪಡುತ್ತಿದ್ದಷ್ಟು ದಿನ ಅವನು ನನ್ನ ಮೇಲೆ ಸಂಶಯ ಪಡುತ್ತಿದ್ದ. ಸೈಕಲ್ ತೆಗೆದುಕೊಂಡು ಹೊರಟುಹೋದ. ಈಗ ಆ ಹನ್ನೊಂದು ಕಾಗದಕ್ಕೆ ಬೆಲೆಯಿಲ್ಲ. ಯಾರು ಹೋಗಿ ನಿಂತರೂ ಸಾಹೇಬರು ಇವತ್ತು ಯಾವ ವಾರ ಎಂದು ಕೇಳುತ್ತಾರೆ.

ಮನೆಗೆ ಬಂದು ನೀಲವ್ವನಿಗೆ ಹೇಳಿದೆ. ಅಂಥದನ್ನು ಅವಳಿಗೆ ಹೇಳುವವನಲ್ಲ ನಾನು, ಅವತ್ತು ಹೇಳಿದೆ. ಅವಳು ಹಿಟ್ಟು ನಾದುತ್ತ ಕೇಳಿಸಿಕೊಂಡಳು.

"ತಪ್ಪ ಬರದೀರಿ ಅಂತ ಯಾಕ ಅಂತೀರಿ? ಇಪ್ಪತ್ತ ವರ್ಷ ಒಂದ ತಾರೀಖ ತಪ್ಪಿದವರಲ್ಲ. ಈಗ ತಪ್ಪೀರಿ ಅಂದ್ರ ಯಾಕ ತಪ್ಪೀರಿ? ಅದನ್ನs ಹೇಳ್ರಿ ಸಾಹೇಬ್ರಿಗೆ."

"ನಂಗ ತಲಿ ಕೆಟ್ಟದ ಅಂತ ಹೇಳ್ಲಿ?"

"ನಿದ್ದಿ ಇಲ್ಲ ಅಂತ ಹೇಳ್ರಿ. ನಿದ್ದಿ ಇಲ್ಲಂದ್ರ ಮರ್ಯಾದಿ ಹೋಗತದೇನು?" ಹಿಟ್ಟು ನಾದುವ ಕೊಣಮಿಗೆಯಿಂದ ತಲೆಯೆತ್ತದೆ ಮುಂದುವರಿಸಿದಳು. "ರೊಟ್ಟಿ ಯಾಕ ಬಿಟ್ಟಿ ಅಂತ ಕೇಳಿದ್ರಿ. ರೊಟ್ಟಿ ಬಡದ್ರ ಸಪ್ಪಳ ಆಗತದ. ಬಾಜೂಕ ನೀವು ಮಲಗಿರ್ತೀರಿ. ಚಪಾತಿ ಲಟ್ಟಿಸಿದ್ರ ಸಪ್ಪಳ ಇಲ್ಲ."

ನಾನು ಕಂಬಳಿ ಕಟ್ಟಿದ ಕಿಟಕಿಯ ಕಡೆ ನೋಡುತ್ತ ಕೂತೆ. ಆ ವಾರವೆಲ್ಲ ಅವಳ ಮಾತು ನನ್ನ ಹಿಂದೆಯೇ ತಿರುಗಿತು. ಬಂದೂಕಿನ ಮುಂದೆ ನಿಲ್ಲು ಎಂದರೆ ನಿಲ್ಲುತ್ತಿದ್ದೆ. ನನ್ನಿಂದ ಆಗುತ್ತಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳುವುದು ನಮ್ಮ ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕಲ್ಲು ಒಡೆದು ಬೆನ್ನು ಬಗ್ಗಿದ ಮೇಲೂ ಅವನು ನೆಟ್ಟಗಿದ್ದೇನೆ ಎಂದೇ ಹೇಳುತ್ತ ಸತ್ತವನು.

ಮುಂದಿನ ಶುಕ್ರವಾರ ಸಾಲಿನಲ್ಲಿ ನಾನೊಬ್ಬನೇ ಇದ್ದೆ. ವಾಘಮಾರೆ ಮಾಸ್ತರರು ಮೊದಲ ಸಲ ನನ್ನ ಮುಖ ನೋಡಿದರು, ಕನ್ನಡಕದ ಮೇಲಿಂದ. ಒಳಗೆ ಹೋದೆ. ಸಾಹೇಬರು ಕಾಗದದಿಂದ ತಲೆ ಎತ್ತಲಿಲ್ಲ.

"ಮತ್ತೇನು?"

"ಹೋದ ವಾರ ಯಾವ ವಾರ ಎಂದು ಕೇಳಿದಿರಿ ಸಾಹೇಬ. ಗುರುವಾರ ಎಂದೆ. ಸುಳ್ಳು ಹೇಳಲಿಲ್ಲ, ಚೇಷ್ಟೆಯನ್ನೂ ಮಾಡಲಿಲ್ಲ. ಗುರುವಾರ ಮನೆ ಬಿಟ್ಟು ಬಂದಿದ್ದೆ, ಮಲಗಿರಲಿಲ್ಲ, ನನ್ನ ಗುರುವಾರ ಇನ್ನೂ ಮುಗಿದಿರಲಿಲ್ಲ. ಸಿದ್ಧರಾಮನ ಮೇಲೆ ಹೇಳಿದ್ದು ತಪ್ಪು, ಅದನ್ನು ವಾಪಸು ತೆಗೆದುಕೊಳ್ಳುತ್ತೇನೆ. ಆದರೆ ಆ ಚುಕ್ಕಿಗಳನ್ನು ತೆಗೆದುಕೊಳ್ಳುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ತಾರೀಖು ತಪ್ಪದವನು ತಿಂಗಳಿಡೀ ತಪ್ಪು ಬರೆದಿದ್ದಾನೆ. ನನ್ನ ಸೊಂಟದಲ್ಲಿ ಲಾಕಪ್ಪಿನ ಚಾವಿ ಇರುತ್ತದೆ, ಸಾಹೇಬ. ನಾಳೆ ಚಾವಿ ಒಳಗೇ ಬಿಟ್ಟು ಬಂದರೆ? ಎರಡು ದಿನದ ಪಾಳಿ ನನ್ನಿಂದ ಆಗುವುದಿಲ್ಲ."

ಸಾಹೇಬರು ಈಗ ತಲೆ ಎತ್ತಿದರು. ಬಯ್ಯುತ್ತಾರೆ ಎಂದುಕೊಂಡೆ, ಸಸ್ಪೆಂಡು ಎಂದುಕೊಂಡೆ. ಅವರು ಹೇಳಿದ್ದು ಒಂದೇ ಮಾತು.

"ಹಾಳೆ ಇದೆಯಾ?"

ಕಿಸೆಯಿಂದ ತೆಗೆದು ಮತ್ತೆ ಮೇಜಿನ ಮೇಲಿಟ್ಟೆ. ಅವರು ಅದನ್ನು ವಾಪಸು ಕೊಡಲಿಲ್ಲ, ಡ್ರಾವರಿಗೆ ಹಾಕಿದರು. ತಿರುಗಿ ಬಾಗಿಲು ದಾಟಿದೆ. ಹೊರಗೆ ಸಿದ್ಧರಾಮ ನಿಂತಿದ್ದ, ಟೋಪಿ ಸರಿಮಾಡಿಕೊಳ್ಳುತ್ತ. ಅವನ ಹಿಂದೆ ಇನ್ನೊಬ್ಬ. ಸೈಕಲ್ ಸ್ಟ್ಯಾಂಡಿನಿಂದ ಇನ್ನಿಬ್ಬರು ಓಡಿ ಬರುತ್ತಿದ್ದರು. ಪಕ್ಕದಿಂದ ಹಾದುಹೋಗುವಾಗ ಸಿದ್ಧರಾಮ ನನ್ನ ಕಡೆ ನೋಡದೆ ಮೆಲ್ಲಗೆ, "ಇವತ್ತ ಶುಕ್ರವಾರ ಅದ, ನೆನಪಿಟ್ಗೋ" ಎಂದ. ಕನ್ನಡದಲ್ಲಿ ಎಂದ. ಅವನ ಮೇಲೆ ಸಿಟ್ಟು ಬರಬೇಕಿತ್ತು, ನಗು ಬಂತು.

ಗಣಪತಿ ವಿಸರ್ಜನೆ ಮುಗಿದ ವಾರ ಮಾಸ್ತರರ ಹೊಸ ಹಾಳೆ ಬೋರ್ಡಿಗೆ ಬಂತು. ವಾರಕ್ಕೊಂದು ಪಾಳಿ, ರಾತ್ರಿಯ ವಾರ ಮುಗಿದ ಮೇಲೆ ಒಂದು ದಿನ ಬಿಡುವು. ಬೇರೆ ಠಾಣೆಗೆ ಹೋಗಿದ್ದ ನಾಲ್ವರೂ ಅದೇ ವಾರ ವಾಪಸು ಬಂದಿದ್ದರು. ಸಾಹೇಬರು ನಮ್ಮ ಮಾತು ಕೇಳಿ ಮಾಡಿದರೋ, ಜನ ಬಂದರೆಂದು ಮಾಡಿದರೋ, ನನಗೆ ಇವತ್ತಿಗೂ ಸಂಶಯವಿದೆ. ಸಿದ್ಧರಾಮ ಡಬ್ಬಿ ತಂದು ನನ್ನ ಡಬ್ಬಿಯ ಪಕ್ಕದಲ್ಲಿಟ್ಟ, ಆದರೆ ನಾನು ಅವತ್ತು ಹೆಸರು ಹೇಳಿದ್ದನ್ನು ಅವನು ಪೂರ್ತಿ ಮರೆತನೆಂದು ಹೇಳಲಾರೆ. ಅವನು ಬದುಕಿದ್ದ ಕೊನೆಯ ವರ್ಷದವರೆಗೂ, ಮಾತಿನ ನಡುವೆ ಒಮ್ಮೊಮ್ಮೆ ಒಂದು ಕ್ಷಣ ನಿಂತು, ಆಮೇಲೆ ಮುಂದುವರಿಸುತ್ತಿದ್ದ. ಮನೆಯಲ್ಲಿ ಬೆಳಗಿನ ಪಾಳಿಯ ಮೊದಲ ದಿನ ರೊಟ್ಟಿಯ ಸಪ್ಪಳಕ್ಕೇ ಎಚ್ಚರವಾಯಿತು. ಎದ್ದು ಕೂತು ಕೇಳಿದೆ, ಪೂರ್ತಿ.

ಇಷ್ಟೆಲ್ಲ ಅಂಟಿನ ಲೋಟ ಕೈಯಲ್ಲಿ ಹಿಡಿದು ನಿಂತಾಗ ನೆನಪಾಯಿತು. ನಾನು ಬರೆದ ಹಾಳೆ ಬೋರ್ಡಿನ ಮೇಲಿತ್ತು. ಎರಡೆರಡು ದಿನಕ್ಕೆ ಪಾಳಿ, ಗೆರೆ ನೆಟ್ಟಗೆ, ಅಕ್ಷರ ದುಂಡಗೆ. ವಾಚಮನ್‌ಗಳು ಒಬ್ಬೊಬ್ಬರೇ ಬಂದು ಓದಿದರು. ಆಳಂದ ಕಡೆಯ ಒಬ್ಬ, ನಡುವಯಸ್ಸಿನವನು, ರಾತ್ರಿ ಪಾಳಿ ಇಳಿದು ಬಂದಿದ್ದ. ಕಣ್ಣು ಕೆಂಪಗಿದ್ದವು. ತನ್ನ ಹೆಸರು ಹುಡುಕಿ, ಆಮೇಲೆ ಪಕ್ಕದವನ ಹೆಸರು ಓದಿ, ನನ್ನ ಕಡೆ ತಿರುಗಿ ಒಂದು ನೋಟ ನೋಡಿದ. ಆ ನೋಟ ನನಗೆ ಗೊತ್ತಿತ್ತು.

"ಸರ, ಇವತ್ತ ಯಾವ ವಾರ್ರೀ?" ಎಂದ.

ಉಳಿದವರು ನಕ್ಕರು. ಅಂಟು ಇನ್ನೂ ಹಸಿಯಾಗಿತ್ತು. ಹಾಳೆಯ ಮೂಲೆ ಹಿಡಿದು ಎಳೆದೆ, ಹರಿಯದೆ ಪೂರ್ತಿ ಕೈಗೆ ಬಂತು.

"ಶುಕ್ರವಾರ" ಎಂದೆ. "ಬಾಜೂಕ ಕುರ್ಚಿ ಅದ, ಕುಂಡ್ರು. ಏಜೆನ್ಸಿಯವರಿಗೆ ಫೋನ್ ಹಚ್ಚತೀನಿ."